ಕೂಡಿಡುವುದೂ ಕಾಪಾಡುವುದೂ

ಈಗ ಬಹುಮಂದಿಯ ಕಿಸೆಯಲ್ಲಿ ಒಂದು ಭಂಡಾರವಿದೆ. ಮೊಬೈಲಿನಲ್ಲಿ ಸಾವಿರಾರು ಛಾಯಾಚಿತ್ರಗಳು. ಮನೆಯ ಹಾರ್ಡ್ ಡಿಸ್ಕಿನಲ್ಲಿ ನೂರಾರು ಚಲನಚಿತ್ರಗಳು, ಎಂದೂ ತೆರೆಯದ ಪುಸ್ತಕಗಳ ಪಿಡಿಎಫ್ ಪ್ರತಿಗಳು. ಇದನ್ನು ಬರಿಯ ದುರಾಸೆಯೆಂದು ಹಳಿಯುವುದು ಸುಲಭ. ಆದರೆ ಅದು ನ್ಯಾಯವಲ್ಲ.

1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಇಂದು ನೋಡಲು ಸಿಗದು. ಯಾರಾದರೊಬ್ಬ ಹುಚ್ಚ ಅದರ ಪ್ರತಿಯನ್ನು ಜತನಮಾಡಿದ್ದರೆ ಅವನನ್ನು ನಾವು ಕೃತಜ್ಞತೆಯಿಂದ ನೆನೆಯುತ್ತಿದ್ದೆವು. ಅಮೆರಿಕದ ಮರಿಯನ್ ಸ್ಟೋಕ್ಸ್ ಅವರಿಗೆ ಅಂಥ ಹುಚ್ಚಿತ್ತು. 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೂ ಟೆಲಿವಿಷನ್ ವಾರ್ತೆಗಳನ್ನು ಹಗಲಿರುಳೂ ಮುದ್ರಿಸಿಟ್ಟರು. ಸುಮಾರು 70,000 ಕ್ಯಾಸೆಟ್ಟುಗಳಾದುವು. ಅವನ್ನು ಇಂಟರ್ನೆಟ್ ಆರ್ಕೈವ್ ಸಂಸ್ಥೆ ಸ್ವೀಕರಿಸಿತು.

ಆದರೆ ಕೂಡಿಟ್ಟುದೆಲ್ಲ ಉಳಿದೀತೆಂಬುದು ಭ್ರಮೆ. ಹಾರ್ಡ್ ಡಿಸ್ಕು ಓಲೆಗರಿಯಷ್ಟು ಕಾಲವೂ ಬಾಳದು. ಪರರ ಉಗ್ರಾಣವನ್ನು ನಂಬಿದರೂ ಕ್ಷೇಮವಿಲ್ಲ: 2016ಕ್ಕೆ ಮೊದಲು ಜನ ತನ್ನಲ್ಲಿರಿಸಿದ್ದ ಹಾಡುಗಳು ನಷ್ಟವಾದುವೆಂದು ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು.

ನಮ್ಮ ಲಿಪಿಕಾರರು ಓಲೆ ಜೀರ್ಣವಾಗುವ ಮುನ್ನ ಪ್ರತಿಮಾಡುತ್ತಿದ್ದರು. ಎಷ್ಟೋ ವೇಳೆ ಕೊನೆಯಲ್ಲಿ ತಮ್ಮ ಹೆಸರನ್ನೂ ಕಾಲವನ್ನೂ ಬರೆಯುತ್ತಿದ್ದರು. ಆ ಶ್ರಮವೇ ಅವರಿಗೆ ಆಯ್ಕೆಯನ್ನು ಕಲಿಸಿತ್ತು. ನಮಗೆ ಶ್ರಮವೂ ಇಲ್ಲ, ಆಯ್ಕೆಯೂ ಇಲ್ಲ. ಹೆಸರು, ಊರು, ಇಸವಿಗಳಿಲ್ಲದ ಹತ್ತು ಸಾವಿರ ಚಿತ್ರಗಳು ಮಕ್ಕಳಿಗೆ ಹೊರೆಯೇ ಸರಿ. ಅಜ್ಜಿ ಹಾಡಿದ ಒಂದು ಸೋಬಾನೆಯನ್ನು, ಯಾರು ಎಲ್ಲಿ ಎಂದು ಹಾಡಿದರೆಂದು ಗುರುತಿಸಿ, ಎರಡು ಕಡೆ ಇಟ್ಟು, ಕೆಲವು ವರ್ಷಕ್ಕೊಮ್ಮೆ ಹೊಸ ಪ್ರತಿ ಮಾಡಿದರೆ ಸಾಕು. ಮೊಮ್ಮಕ್ಕಳು ಅದನ್ನು ಕೇಳಿಯಾರು.