ಅಪ್ಪಣೆಗಾಗಿ ಕಾಯಬಾರದ ನೋವು

ಮುಟ್ಟು ನಿಂತ ಕೆಲವೇ ವಾರಗಳಲ್ಲಿ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು, ತುಸು ರಕ್ತಸ್ರಾವ, ತಲೆಸುತ್ತು ಕಂಡರೆ, ಅಜೀರ್ಣವೆಂದು ಓಮದ ಕಷಾಯ ಕುಡಿಸಿ ಮಲಗಿಸುವುದು ಸರ್ವಥಾ ಸಲ್ಲದು. ಗರ್ಭವು ಗರ್ಭಕೋಶವನ್ನು ಸೇರದೆ ಅಂಡನಾಳದಲ್ಲಿಯೇ ನೆಲೆಸಿರಬಹುದು. ನಾಳ ಒಡೆದರೆ ರಕ್ತವೆಲ್ಲ ಒಡಲೊಳಗೇ ಸುರಿಯುವುದು. ಹೊರಗೆ ಕಾಣುವುದು ಸ್ವಲ್ಪವೇ. ಆ ಗರ್ಭವನ್ನು ಉಳಿಸುವ ಉಪಾಯ ಇಂದಿಗೂ ಇಲ್ಲ. ತಾಯಿಯನ್ನು ಉಳಿಸುವ ಉಪಾಯವುಂಟು. 1883ರಲ್ಲಿಯೇ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ ಒಡೆದ ನಾಳವನ್ನು ಶಸ್ತ್ರಕ್ರಿಯೆಯಿಂದ ತೆಗೆದು ರೋಗಿಯನ್ನು ಬದುಕಿಸಿದರು. ಇಂದು ನಾಳ ಒಡೆಯುವ ಮೊದಲೇ ಸ್ಕ್ಯಾನಿಂಗಿನಲ್ಲಿ ತಿಳಿದರೆ ಮೆಥೋಟ್ರೆಕ್ಸೇಟ್ ಚುಚ್ಚುಮದ್ದೇ ಸಾಕಾಗುವುದುಂಟು.

ಹೆಂಡತಿ ಊರಿನಲ್ಲಿ, ಗಂಡ ಮುಂಬಯಿಯ ಹೋಟೆಲಿನಲ್ಲಿ: ಇದು ನಮ್ಮವರನೇಕರ ಪಾಡು. ‘ಅವರನ್ನು ಕೇಳಿ ಆಸ್ಪತ್ರೆಗೆ ಹೋಗೋಣ’ ಎಂದು ಕಾಯುವಷ್ಟರಲ್ಲಿ ಹೊತ್ತು ಮೀರುತ್ತದೆ. ಕೇಳಬೇಕಾಗಿಲ್ಲವೆಂದು ಇಂದೇ ಮನೆಗೆ ತಿಳಿಸಿರಿ. ಹೋಟೆಲು ಧಣಿಗಳೂ ಅಂಥ ಕರೆ ಬಂದ ಹುಡುಗನಿಗೆ ರಜೆ, ಮುಂಗಡ ಕೊಡುವಾಗ ಹಳೆಯ ಬಾಕಿಯ ಪುಸ್ತಕ ಬಿಚ್ಚಬಾರದು. ಗಲ್ಲಾದಲ್ಲಿ ಕುಳಿತಿದ್ದಾಗ ನಾನೂ ಒಮ್ಮೆ ಬಿಚ್ಚಿದವನೇ.