ಪೈಲಟ್ ಆಗಲು ಹೊರಡುವ ಮುಂಚೆ

ಮಗ ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಪಡೆದು ಊರಿಗೆ ಬಂದಿದ್ದಾನೆ, ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಪರಿಚಯದ ತಂದೆಯೊಬ್ಬರು ಮೊನ್ನೆ ಹೇಳಿಕೊಂಡರು. ಜಾಗ ಮಾರಿ, ತಾಯಿಯ ಚಿನ್ನ ಅಡವಿಟ್ಟು ಕಳಿಸಿದ್ದರಂತೆ. ಹುಡುಗನ ತಪ್ಪಿಲ್ಲ. ಮುಂದಿನ ದಾರಿ ಏನೆಂದು ಮೊದಲೇ ಯಾರೂ ಹೇಳಿರಲಿಲ್ಲ.

ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶವೇ ಪೈಲಟ್‌ಗೆ ಲೈಸೆನ್ಸ್ ಕೊಡಬೇಕು, ಇಲ್ಲವೇ ಹೊರಗಿನದ್ದನ್ನು ಮಾನ್ಯ ಮಾಡಬೇಕು. ಇದು 1944ರ ಶಿಕಾಗೊ ಒಪ್ಪಂದದ ನಿಯಮ. ಹಾಗಾಗಿ ಇಲ್ಲಿನ ಏರ್‌ಲೈನ್ ಸೇರಲು ಡಿಜಿಸಿಎ ಲೈಸೆನ್ಸ್ ಬೇಕು. ಅದಕ್ಕೆ ಏರ್ ರೆಗ್ಯುಲೇಶನ್, ನ್ಯಾವಿಗೇಶನ್, ಹವಾಮಾನ ವಿಷಯಗಳ ಪರೀಕ್ಷೆಯಲ್ಲಿ ಶೇ. 70 ಅಂಕ ಬರಬೇಕು. ಕ್ಲಾಸ್ 1 ಮೆಡಿಕಲ್, ರೇಡಿಯೋ ಪರೀಕ್ಷೆ, ಹಾರಾಟದ ಪರೀಕ್ಷೆಯೂ ಇದೆ. ವಿದೇಶಿ ಲೈಸೆನ್ಸ್ ಅಸಲಿ ಎಂದು ಅಲ್ಲಿನ ಇಲಾಖೆಯಿಂದ ಖಚಿತವಾಗಬೇಕು. ಗಲ್ಫ್‌ಗೆ ಹೋದರೂ ಇದೇ ಕಥೆ. ಯುಎಇಯಲ್ಲಿ ಅಲ್ಲಿನ ಜಿಸಿಎಎ ನಿಯಮ.

ಆದ್ದರಿಂದ ಪೋಷಕರೇ, ಕ್ರಮ ತಪ್ಪಬೇಡಿ. ಮೊದಲು ಮೆಡಿಕಲ್ ಮಾಡಿಸಿ. ಕಣ್ಣಿನದ್ದೋ ಕಿವಿಯದ್ದೋ ತೊಂದರೆ ಇದ್ದರೆ ಹಣ ಕಟ್ಟುವ ಮುಂಚೆಯೇ ತಿಳಿಯಲಿ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿಸಿ. ಕಾಮರ್ಸ್ ಮಕ್ಕಳು ಅವನ್ನು ಎನ್‌ಐಒಎಸ್ ಮೂಲಕ ಬರೆಯುವುದುಂಟು. ಡಿಜಿಸಿಎ ಪರೀಕ್ಷೆಗೆ ಇಲ್ಲೇ ತಯಾರಿ ಶುರು ಮಾಡಲಿ. ವಾಪಸ್ ಬಂದ ಮೇಲಿನ ಖರ್ಚಿಗೂ ಒಂದು ಪಾಲು ತೆಗೆದಿಡಿ.

ಏಜೆಂಟ್ ಹೋಗುವ ದಾರಿ ತೋರಿಸುತ್ತಾನೆ, ಬಂದ ಮೇಲಿನದ್ದು ನಮ್ಮ ತಲೆಗೆ. ಶಿಕ್ಷಣ ನೆರವು ಕೊಡುವ ನಮ್ಮ ಜಮಾಅತ್, ಸಂಘಗಳು ಹಣದ ಜೊತೆ ಈ ಮಾಹಿತಿಯನ್ನೂ ಕೊಡಲಿ. ನಮ್ಮ ಮಕ್ಕಳು ಹಾರಲಿ, ಆದರೆ ಮನೆ ಮುಳುಗಿಸಿ ಅಲ್ಲ.