ಕೊನೆಯ ‘ಇಲ್ಲ’ ಕೇಳಿಸಬೇಕಲ್ಲ!

ಹೋದ ತಿಂಗಳು ನಮ್ಮೂರಿನ ರಂಗಸಂವಾದದಲ್ಲಿ ನಟನಾ ತರಬೇತಿಯ ಮೇಲೆ ಸಾಕಷ್ಟು ಕಲ್ಲು ಬಿತ್ತು. ಉಸಿರಾಟ, ಅಂಗಸಾಧನೆ, ಆಶು ಅಭಿನಯ ಅಂತ ಮೂರು ತಿಂಗಳು ಹುಡುಗರನ್ನು ನೆಲದ ಮೇಲೆ ಉರುಳಾಡಿಸುತ್ತೀರಿ, ನಾಟಕ ಕಲಿಸೋದು ಯಾವಾಗ ಎಂದು ಹಿರಿಯರೊಬ್ಬರು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಸರದಿ ಬರುವಷ್ಟರಲ್ಲಿ ಊಟಕ್ಕೆ ಎಲೆ ಹಾಕಿಯಾಗಿತ್ತು. ಎಲೆಯ ಮುಂದೆ ಕೂತವರ ಜೊತೆ ವಾದ ಮಾಡಬಾರದು, ಹಾಗಾಗಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಆಕ್ಷೇಪ: ನಟನೆ ರಕ್ತದಲ್ಲೇ ಬರಬೇಕು, ರಾಜ್‌ಕುಮಾರ್ ಯಾವ ಶಾಲೆಗೆ ಹೋಗಿದ್ದರು? ಹೋಗಿದ್ದರು ಸ್ವಾಮಿ. ಆ ಶಾಲೆಗೆ ಗುಬ್ಬಿ ಕಂಪನಿ ಅಂತ ಹೆಸರು. ತಂದೆ ಪುಟ್ಟಸ್ವಾಮಯ್ಯನವರು ಅಲ್ಲಿ ನಟರಾಗಿದ್ದರು. ಮಗ ಹುಡುಗನಾಗಿದ್ದಾಗಲೇ ಸೇರಿಕೊಂಡರು. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬರುವ ಹೊತ್ತಿಗೆ ಅವರ ಕಾಲಿಗೆ ರಂಗದ ಹಲಗೆ ವರ್ಷಗಟ್ಟಲೆ ಪರಿಚಯವಾಗಿತ್ತು. ಹಾರ್ಮೋನಿಯಂ ಶ್ರುತಿಗೆ ಗಂಟಲು ಕೂಡಿಸುವುದು, ದೊಡ್ಡ ನಟರ ಪಾತ್ರವನ್ನು ಸೈಡ್‌ವಿಂಗ್‌ನಲ್ಲಿ ನಿಂತು ನೋಡಿ ನೋಡಿ ಬಾಯಿಪಾಠ ಮಾಡುವುದು, ಮಾತು ಮರೆತವನನ್ನು ಪ್ರೇಕ್ಷಕರಿಗೆ ಗೊತ್ತಾಗದಂತೆ ದಡ ಸೇರಿಸುವುದು ಕಂಪನಿಯ ದಿನಚರಿ. ಪಠ್ಯಕ್ರಮವನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ.

ಬಿ.ವಿ. ಕಾರಂತರೂ ಗುಬ್ಬಿ ಕಂಪನಿಯ ಹುಡುಗನೇ. ಅಲ್ಲಿಂದ ಬನಾರಸ್‌ಗೆ ಹೋದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಕಂಪನಿಯ ಅನುಭವವೊಂದೇ ಸಾಕು ಎನ್ನುವುದಾಗಿದ್ದರೆ ಅವರಿಗೆ ಈ ಉಸಾಬರಿ ಯಾಕೆ ಬೇಕಿತ್ತು? ಇಂದು ಹತ್ತು ವರ್ಷ ಸೈಡ್‌ವಿಂಗ್‌ನಲ್ಲಿ ನಿಲ್ಲುವ ಭಾಗ್ಯ ಯಾವ ಹುಡುಗನಿಗಿದೆ? ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಾಗ ಕೋರ್ಸಿಗೆ ಸಿಕ್ಕಿದ್ದು ಹತ್ತೇ ತಿಂಗಳು. ಹತ್ತು ವರ್ಷದಲ್ಲಿ ತಾನಾಗಿ ಮೈಗೂಡುತ್ತಿದ್ದುದನ್ನು ಹತ್ತು ತಿಂಗಳಲ್ಲಿ ಬೆನ್ನು ಹತ್ತಿ ಮಾಡಿಸುವುದಕ್ಕೆ ಇಟ್ಟುಕೊಂಡ ಹೆಸರು ವ್ಯಾಯಾಮ.

ಎರಡನೆಯದು: ಇದೆಲ್ಲ ಪರದೇಶದ ಸರಕು. ಒಂದಿಷ್ಟು ಹೌದು. ಥಿಯೇಟರ್ ಗೇಮ್ಸ್ ಅನ್ನು ವ್ಯವಸ್ಥಿತವಾಗಿ ಪುಸ್ತಕಕ್ಕಿಳಿಸಿದವರು ಅಮೆರಿಕದ ವಯೋಲಾ ಸ್ಪೋಲಿನ್, 1963ರಲ್ಲಿ. ಬ್ರಿಟನ್ನಿನ ಕೀತ್ ಜಾನ್‌ಸ್ಟನ್ ಅವರ ‘ಇಂಪ್ರೊ’ ಬಂದದ್ದು 1979ರಲ್ಲಿ. ಅವರ ಋಣ ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಕರಾವಳಿಯವರ ಎದುರು ಆಶು ಅಭಿನಯವನ್ನು ವಿದೇಶಿ ಎಂದರೆ ಅವರು ನಕ್ಕಾರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯವೊಂದು ಗೊತ್ತಾಗಿರುತ್ತದೆ. ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಆ ಕ್ಷಣದ್ದು. ಕೃಷ್ಣ ಎಸೆದ ಮಾತನ್ನು ಕೌರವ ಎತ್ತಿಕೊಳ್ಳಲೇಬೇಕು. ಮನೆಯಲ್ಲಿ ಸಿದ್ಧಪಡಿಸಿಕೊಂಡು ಬಂದದ್ದನ್ನೇ ಒಪ್ಪಿಸುತ್ತ ಕೂತ ಅರ್ಥಧಾರಿಯನ್ನು ರಸಿಕರು ಐದು ನಿಮಿಷದಲ್ಲಿ ಪತ್ತೆ ಹಚ್ಚುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಈ ಕಣದಲ್ಲೇ. ಇನ್ನು ಯಕ್ಷಗಾನದ ಕುಣಿತ: ತಾಳ, ಹೆಜ್ಜೆ ಕೂಡಿಬರದ ಹುಡುಗನ ತಲೆಗೆ ಯಾವ ಗುರು ಕಿರೀಟ ಕಟ್ಟುತ್ತಾನೆ? ನಾಟ್ಯಶಾಸ್ತ್ರವಂತೂ ತಲೆಯಾಡಿಸುವುದರಲ್ಲೇ 13 ಬಗೆ, ನೋಟದಲ್ಲಿ 36 ಬಗೆ ಎಣಿಸಿದೆ. ‘ಭಾವ ಒಳಗಿನಿಂದ ಬಂದರೆ ಸಾಕು, ಮೈ ಹಿಂಬಾಲಿಸುತ್ತದೆ’ ಎಂದ ಮಿತ್ರರು ಭರತನ ಹೆಸರೆತ್ತುವ ಮುಂಚೆ ಅದನ್ನೊಮ್ಮೆ ಎಣಿಸಲಿ.

ಮೂರನೆಯ ಆಕ್ಷೇಪಕ್ಕೆ ತೂಕವಿದೆ. ಆಶು ಅಭಿನಯ ಕಲಿತವರು ಬಾಯಿಗೆ ಬಂದದ್ದು ಹೇಳುತ್ತಾರೆ, ನಾಟಕಕಾರನ ಮಾತಿಗೆ ಬೆಲೆ ಕೊಡುವುದಿಲ್ಲ ಎನ್ನುವುದು ಅದು. ತರಗತಿಯ ಒಂದು ಬೆಳಿಗ್ಗೆಯನ್ನು ಮುಂದಿಡುತ್ತೇನೆ. ಇಬ್ಬರು ವಿದ್ಯಾರ್ಥಿಗಳು, ಬಸ್ ಸ್ಟಾಪು, ಮಳೆ. ಹುಡುಗ ಹೇಳಿದ, ‘ಅಕ್ಕಾ, ನಿಮ್ಮ ಕೊಡೆ ಸೋರ್ತಿದೆ.’ ಹುಡುಗಿ ಥಟ್ಟನೆ, ‘ಇದು ಕೊಡೆ ಅಲ್ಲಪ್ಪ, ಕೋಳಿ!’ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಇಬ್ಬರೂ ಮಿಕಿಮಿಕಿ ನೋಡುತ್ತ ನಿಂತರು, ಯಾಕೆಂದರೆ ಮುಂದೆ ಹೋಗಲು ದಾರಿಯೇ ಇರಲಿಲ್ಲ. ಮತ್ತೆ ಮಾಡಿಸಿದೆ. ಈ ಸಲ ಆಕೆ ಮಾತಾಡಲಿಲ್ಲ. ಕತ್ತೆತ್ತಿ, ಇಲ್ಲದ ಕೊಡೆಯ ಇಲ್ಲದ ತೂತನ್ನು ನೋಡಿದಳು. ಒಂದು ಹನಿ ಕಣ್ಣಿಗೆ ಬಿತ್ತು, ರೆಪ್ಪೆ ಬಡಿದಳು. ಕೊಡೆಯನ್ನು ನಿಧಾನ ಹುಡುಗನ ಕಡೆ ವಾಲಿಸಿ, ‘ಹೋದ ವರ್ಷ ಇವರು ಇದ್ದಾಗ ಸೋರ್ತಿರಲಿಲ್ಲ’ ಎಂದಳು. ಯಾರೂ ನಗಲಿಲ್ಲ. ಎದುರಿನವನ ಮಾತನ್ನು ನಿಜವೆಂದು ನಂಬಿ ಅದರ ಮೇಲೆ ಕಟ್ಟಿದ್ದಕ್ಕೆ ಬಂದ ಮಾತು ಅದು. ಹೀಗೆ ಕೇಳಲು ಕಲಿತವಳು ನಾಳೆ ಕಾರ್ನಾಡರ ನಾಟಕಕ್ಕೆ ನಿಂತರೆ ಒಂದಕ್ಷರ ತಿದ್ದುವುದಿಲ್ಲ. ನೂರನೆಯ ಪ್ರದರ್ಶನದಲ್ಲೂ ಎದುರಿನವನ ಮಾತನ್ನು ಈಗಷ್ಟೇ ಕೇಳಿದಂತೆ ಕೇಳುತ್ತಾಳೆ.

‘ಕಾಲರ್ ಮೈಕ್ ಬಂದ ಮೇಲೆ ದನಿಸಾಧನೆ ಯಾಕೆ?’ ಎಂದವರು ಸಂಘಟಕರು. ಅವರಿಗೆ ನಮ್ಮ ವ್ಯಾಕರಣ ನೆನಪಿಸಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಿಷೇಧ ಅದಕ್ಕೂ ಕೊನೆಗೆ. ನಟನ ಉಸಿರು ತೀರುವುದೂ ಸರಿಯಾಗಿ ಅಲ್ಲೇ. ಒಮ್ಮೆ ತಾಲೀಮಿನಲ್ಲಿ ಎಂಟನೇ ಸಾಲಿನಲ್ಲಿ ಕೂತಿದ್ದೆ. ಮಗ ತಾಯಿಯ ಮುಂದೆ ಆಣೆ ಮಾಡುವ ದೃಶ್ಯ: ‘ನಾನು ಆ ಮನೆಗೆ ಯಾವತ್ತೂ ಕಾಲಿಟ್ಟಿಲ್ಲ.’ ನನಗೆ ಕೇಳಿದ್ದು ‘ಕಾಲಿಟ್ಟಿ...’ ವರೆಗೆ. ಇಟ್ಟಿದ್ದಾನೋ ಇಟ್ಟಿಲ್ಲವೋ? ಇಡೀ ನಾಟಕ ನಿಂತದ್ದೇ ಆ ‘ಇಲ್ಲ’ದ ಮೇಲೆ. ಮೈಕ್ ಹೆಚ್ಚೆಂದರೆ ಅವನ ಏದುಸಿರನ್ನು ದೊಡ್ಡದು ಮಾಡಿ ಕೇಳಿಸೀತು. ಬಾಯಿಂದ ಹೊರಡದ ಅಕ್ಷರವನ್ನು ಎಲ್ಲಿಂದ ತಂದೀತು?

ಅವನನ್ನು ನೆಲದ ಮೇಲೆ ಅಂಗಾತ ಮಲಗಿಸಿದೆ. ನೀವು ಗೇಲಿ ಮಾಡಿದ ಉರುಳಾಟ ಇದೇ. ನಿಂತಾಗ ಅವನ ಉಸಿರು ಭುಜಕ್ಕೇರುತ್ತಿತ್ತು. ಮಲಗಿದಾಗ ಭುಜ ಏಳುವುದು ಕಷ್ಟ, ಹೊಟ್ಟೆ ಏಳುತ್ತದೆ. ಹೊಟ್ಟೆಯ ಮೇಲೆ ಒಂದು ದಪ್ಪ ಪುಸ್ತಕ ಇಟ್ಟು, ಅದು ಏರಿ ಇಳಿಯುವುದನ್ನು ನೋಡುತ್ತ ಅದೇ ವಾಕ್ಯ ಹೇಳು ಎಂದೆ. ಮೂರು ವಾರ ಹಿಡಿಯಿತು. ‘ಇಲ್ಲ’ ಗೋಡೆಗೆ ತಾಗಿ ವಾಪಸು ಬಂತು.

ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುತ್ತೀರಿ ಎಂಬ ದೂರನ್ನು ಮಾತ್ರ ಅರ್ಧ ಒಪ್ಪುತ್ತೇನೆ. ಮಂಡಿ ಬಗ್ಗಿಸಿ ಕಾಲಗಲಿಸಿ ನಿಲ್ಲುವ, ಕಾಫಿ ಕೇಳುವುದಕ್ಕೂ ‘ರಂಗಭೂಮಿ ದನಿ’ ತೆಗೆಯುವ ನಟರನ್ನು ನಾನೂ ನೋಡಿದ್ದೇನೆ, ಒಂದಿಬ್ಬರನ್ನು ತಯಾರಿಸಿಯೂ ಇದ್ದೇನೆ. ಮೊದಲ ವರ್ಷಗಳಲ್ಲಿ ಪ್ರತಿ ಸಾಲನ್ನೂ ಹೇಳಿ ತೋರಿಸುತ್ತಿದ್ದೆ. ಒಂದು ಪ್ರದರ್ಶನದಲ್ಲಿ ನನ್ನ ಶಿಷ್ಯನೊಬ್ಬ ಮಾತಿನ ಮಧ್ಯೆ ನನ್ನ ಕೆಮ್ಮನ್ನೂ ಕೆಮ್ಮಿದ. ಅಂದಿನಿಂದ ತೋರಿಸುವುದು ಬಿಟ್ಟೆ. ಮೂರು ದಿನದ ಶಿಬಿರ ನಡೆಸಿ ನಾಲ್ಕನೆಯ ದಿನ ಪ್ರಮಾಣಪತ್ರ ಹಂಚುವವರ ಬಗ್ಗೆ ನಿಮಗಿರುವ ಸಿಟ್ಟು ನನಗೂ ಇದೆ. ಅದಕ್ಕೆ ಮದ್ದು ಇನ್ನಷ್ಟು ಎಚ್ಚರದ, ಇನ್ನಷ್ಟು ಉದ್ದದ ತರಬೇತಿ.

ಧಾರಾವಾಹಿಯವರು ಇದನ್ನೆಲ್ಲ ಕೇಳುವುದಿಲ್ಲ ಎಂದೂ ಒಬ್ಬರು ಹೇಳಿದರು. ಕೇಳದಿರಲಿ. ನಮ್ಮ ಪ್ರೇಕ್ಷಕ ಕೇಳುತ್ತಾನೆ, ಅದೂ ಎಂಟನೇ ಸಾಲಿನಲ್ಲಿ ಕೂತು.

ಹೊಸ ತಂಡಕ್ಕೆ ಸೋಮವಾರ ಬೆಳಿಗ್ಗೆ ಆರೂವರೆಗೆ ಪಾಠ ಶುರುವಾಗುತ್ತದೆ. ಚಪ್ಪಾಳೆ ತಟ್ಟಿದವರೆಲ್ಲ ಒಂದು ದಿನ ಬಂದು ನೋಡಿ. ಬರುವಾಗ ಚಾಪೆ ತನ್ನಿ, ನಮ್ಮಲ್ಲಿ ಇರುವುದು ಹದಿನೈದೇ.